ನನ್ನ ಹೆಸರಿನ ಎರಡು ಫೋನುಗಳು

ಜೂನ್ 6, ಮಂಗಳವಾರ. ಬೆಳಿಗ್ಗೆ 11

ಮೂರನೇ ಫೈಲ್ ಮುಗಿಯಿತು. ಅಮೆರಿಕದ ಅದೇ ಕಿಡ್ನಿ ಡಾಕ್ಟರು — ಬಾಯಲ್ಲಿ ಬ್ರೆಡ್ಡು ಇಟ್ಟುಕೊಂಡು ಮಾತಾಡುತ್ತಾನೆ. ಅವನು ಹೇಳಿದ್ದನ್ನು ಕೇಳಿಸಿಕೊಂಡು ಟೈಪ್ ಮಾಡುವುದು ನನ್ನ ಹೊಟ್ಟೆಪಾಡು. ಹೆಡ್‌ಫೋನಿನ ಆಚೆ ಅಡುಗೆಮನೆಯಲ್ಲಿ ರೇಡಿಯೋ ನಾಟಕ. ಯಾವಳೋ ಅಳುತ್ತಿದ್ದಾಳೆ. ಒಂಬತ್ತು ಗಂಟೆಯಿಂದ ಅಳುತ್ತಲೇ ಇದ್ದಾಳೆ.

ನನ್ನ ಗಂಡ ರೊಮೆಲ್‌ನ ಅಕ್ಕ ಸ್ಯೋನಿ, ನನ್ನ ಬಾಯಲ್ಲಿ ಮನಾಂಗ್ ಅಂದರೆ ಅಕ್ಕ, ಗಿಮರಾಸ್ ದ್ವೀಪದಿಂದ ಪಿತ್ತಕೋಶದ ಆಪರೇಷನ್ನಿಗೆ ಅಂತ ಇಲ್ಲಿಗೆ, ಇಲೋಯಿಲೋ ನಗರಕ್ಕೆ ಬಂದದ್ದು ಫೆಬ್ರವರಿಯಲ್ಲಿ. ಎರಡು ವಾರ ಅಂದಿದ್ದಳು. ಈಗ ಜೂನ್. ರೊಮೆಲ್ ಹಡಗಿನ ಕೆಲಸದಲ್ಲಿ, ಬರಲು ಇನ್ನೂ ಐದು ತಿಂಗಳು. ಅಲ್ಲಿಯವರೆಗೆ ನಾನು, ಅವಳು, ಆ ರೇಡಿಯೋ.

ಇವತ್ತು ಒಂದು ಒಳ್ಳೆಯದಾಯಿತು. ಫೋನಿನಲ್ಲಿ ಒತ್ತಿ ಒತ್ತಿ ಹೆಬ್ಬೆರಳು ಊದಿಕೊಂಡಿದೆ. ಕಂಪನಿಯ ಕಂಪ್ಯೂಟರಿನಲ್ಲಿ ಚಾಟ್ ತೆರೆಯುವ ಹಾಗಿಲ್ಲ. ಆದರೆ ಕಂಪ್ಯೂಟರಿನಲ್ಲಿ ಬರೆದು ಒಂದು ಬಟನ್ ಒತ್ತಿದರೆ, ಬರೆದದ್ದು ಹಾಗೇ ನನ್ನ ಹೆಸರಿನ ಫೋನಿಗೆ ಬಂದು ಬೀಳುತ್ತದೆ. ಲಿಂಕೂ ಅಷ್ಟೇ. ಅಲ್ಲಿಂದ ಎತ್ತಿ ಬಾಕೊಲೊಡ್ ಊರಿನಲ್ಲಿರುವ ಡೆಲ್ಫಾಗೆ ಹಾಕಿದೆ. ಸ್ಕೂಲಿನಿಂದಲೂ ನನ್ನ ಗೆಳತಿ, ಅವಳ ಹತ್ತಿರ ಏನು ಹೇಳಿದರೂ ನಡೆಯುತ್ತದೆ. ಒಂದು ಪುಟ ಬರೆದೆ. ರೇಡಿಯೋ. ಬೆಳಿಗ್ಗೆ ಬೆಳಿಗ್ಗೆಯೇ ಹುರಿಯುವ ಒಣಮೀನಿನ ವಾಸನೆ, ಪರದೆಗೆಲ್ಲ ಹತ್ತಿದ್ದು. ಮನಾಂಗ್‌ಳ ಫೋನ್ ಕೆಟ್ಟಿತು ಅಂತ ಹೋದ ವಾರ ನನ್ನ ಹಳೆಯದನ್ನು ಸಿಮ್ ಬದಲಿಸಿ ಕೊಟ್ಟದ್ದು, ಅದನ್ನು ಪದಕದ ಹಾಗೆ ಕುತ್ತಿಗೆಗೆ ನೇತುಹಾಕಿಕೊಂಡು ಓಡಾಡುವುದು...

ಮನಸ್ಸು ಹಗುರಾಯಿತು.

ಜೂನ್ 9, ಶುಕ್ರವಾರ

ಇವತ್ತು ರೇಡಿಯೋ ಇಲ್ಲ. ಯಾಕೆ ಅಂತ ಮನಾಂಗ್‌ಳನ್ನು ಕೇಳಿದೆ.

“ಸಾಕಾಯ್ತು ಇಂದಾಯ್,” ಅಂದಳು. ನನ್ನನ್ನು ಇಂದಾಯ್ ಅಂತಲೇ ಕರೆಯುವುದು, ಮುದ್ದಿಗೆ. “ಅದೇ ಅಳು, ಅದೇ ಗಂಡ. ಎಷ್ಟು ದಿನ ಅಂತ ಕೇಳೋದು?”

ಹಾಗೇ ಆಗಲಿ. ನಾಲ್ಕು ಫೈಲ್ ಮುಗಿಸಿದೆ.

ಜೂನ್ 15, ಗುರುವಾರ

ಒಣಮೀನನ್ನು ಈಗ ಹಿತ್ತಿಲಲ್ಲಿ, ಬಟ್ಟೆ ಒಗೆಯುವ ಜಾಗದಲ್ಲಿ ಇದ್ದಿಲ ಒಲೆ ಇಟ್ಟುಕೊಂಡು ಹುರಿಯುತ್ತಾಳೆ. ಬೆಳಿಗ್ಗೆ ಮಳೆ ಹನಿಯುತ್ತಿತ್ತು. ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಸೌಟು. ಒಳಗೆ ಬನ್ನಿ ಅಂದೆ — ಒಂದು ಸಲ ಅಂದೆ. “ಇಲ್ಲಿ ಗಾಳಿ ಚೆನ್ನಾಗಿದೆ,” ಅಂದಳು.

ಡೆಲ್ಫಾಗೆ ಬರೆದೆ: ತಾನಾಗಿಯೇ ದಾರಿಗೆ ಬರುತ್ತಿದ್ದಾಳೆ. ಆಮೇಲೆ ಉಳಿದದ್ದನ್ನೂ ಬರೆದೆ. ಊಟಕ್ಕೆ ಕೂತಾಗ ಗಂಟಲು ಕ್ಯಾಕರಿಸುವುದು. ಹೆಡ್‌ಫೋನ್ ಹಾಕಿಕೊಂಡಿರುವಾಗ ಭುಜ ಮುಟ್ಟಿ ಮಾತಾಡಿಸುವುದು. ಕೊನೆಗೆ ಈ ಸಾಲು: ‘ತನ್ನದೂ ಅಂತ ಒಂದು ಸಂಸಾರ ಇಲ್ಲದವಳು ಇನ್ನೊಬ್ಬರ ಸಂಸಾರದಲ್ಲಿ ಬೇರು ಬಿಡೋಕೆ ನೋಡ್ತಾಳೆ.’

ಎರಡು ಸಲ ಓದಿಕೊಂಡೆ. ಚೆನ್ನಾಗಿ ಬಂದಿದೆ ಅನ್ನಿಸಿತು. ಕಳಿಸಿದೆ.

ಜೂನ್ 21, ಬುಧವಾರ

ಐದು ದಿನದಿಂದ ನನ್ನ ಜೊತೆ ಊಟಕ್ಕೆ ಕೂರುತ್ತಿಲ್ಲ. “ನೀನು ತಿನ್ನು, ನಂಗಿನ್ನೂ ಹಸಿವಿಲ್ಲ.” ನಾನು ಎದ್ದ ಮೇಲೆ ಸದ್ದಿಲ್ಲದೆ ತಿಂದು ತಟ್ಟೆ ತೊಳೆದಿಡುತ್ತಾಳೆ. ಆಪರೇಷನ್ ಆದ ಮೇಲೆ ಹಸಿವು ಹಾಗೆಯೇ ಇರಬೇಕು.

ಡೆಲ್ಫಾ ಹೇಳುತ್ತಾಳೆ — ಅವಳಿಗೆ ಹತ್ತಿರದಲ್ಲೇ ಒಂದು ಬಾಡಿಗೆ ಕೋಣೆ ನೋಡು, ರೊಮೆಲ್ ಕರೆ ಮಾಡಿದಾಗ ನಯವಾಗಿ ಮಾತು ಎತ್ತು. ಇದೇ ಊರಿನ ಮೊಲೊದ ಕಡೆ ಮೂರು ಕೋಣೆ ಸಿಕ್ಕವು. ಮಲಗಿಕೊಂಡು ನೋಡೋಣ ಅಂತ ಮೂರೂ ಲಿಂಕನ್ನು ಫೋನಿಗೆ ಕಳಿಸಿಕೊಂಡೆ.

ಜೂನ್ 28, ಬುಧವಾರ

ರೊಮೆಲ್ ವಿಡಿಯೋದಲ್ಲಿ ಬಂದ. ಮುಖ ಸುಟ್ಟು ಕರ್ರಗಾಗಿದೆ. ನಾನು ಬಾಯಿ ತೆರೆಯುವುದರೊಳಗೆ ಮನಾಂಗ್ ಪಕ್ಕದಲ್ಲಿ ಬಂದು ಕೂತಳು.

“ನಿನ್ನ ಹೆಂಡತಿ ನನ್ನನ್ನ ಹೂವಿನ ಹಾಗೆ ನೋಡ್ಕೊಂಡಿದ್ದಾಳೆ ಕಣೋ. ನೀನೇ ಒಣಗಿ ಒಣಮೀನಾಗಿದ್ದೀಯ.”

ಅವನು ನಕ್ಕ. ನಾನೂ ನಕ್ಕೆ. ಕೋಣೆಯ ಮಾತು ಎತ್ತಲಿಲ್ಲ.

ಜುಲೈ 3, ಸೋಮವಾರ

ಆದದ್ದನ್ನು ಆದ ಹಾಗೆಯೇ ಬರೆಯಬೇಕು.

ಮಾರ್ಕೆಟ್ಟಿಗೆ ಹೋಗಿ ಬಂದೆ. ಹಜಾರದಲ್ಲಿ ಮನಾಂಗ್‌ರ ಚೀಲ, ಜಿಪ್ ಎಳೆದು ಸಿದ್ಧವಾಗಿತ್ತು. ಹೊರಗೆ ಹೋಗುವ ಅಂಗಿ ಹಾಕಿಕೊಂಡು ಕೂತಿದ್ದರು.

“ಆ ಎರಡನೇ ಕೋಣೇನೇ ಚೆನ್ನಾಗಿದೆ ಇಂದಾಯ್. ಬೆಳಿಗ್ಗೆ ಹೋಗಿ ನೋಡ್ಕೊಂಡು ಬಂದೆ. ಮೊದಲನೇದಕ್ಕೆ ಮೆಟ್ಟಿಲು ಜಾಸ್ತಿ, ನನ್ನ ಹೊಟ್ಟೆಯ ಹೊಲಿಗೆ ತಡೆಯಲ್ಲ.”

“ಯಾವ ಕೋಣೆ?”

“ನೀನು ಕಳಿಸಿದ್ಯಲ್ಲ.”

ಕುತ್ತಿಗೆಯಿಂದ ಫೋನ್ ತೆಗೆದು ತೋರಿಸಿದರು. ಮೂರು ಲಿಂಕು. ಅದರ ಮೇಲೆ ಒಣಮೀನು. ಅದರ ಮೇಲೆ ಕ್ಯಾಕರಿಕೆ. ಬೇರು ಬಿಡುವ ಸಾಲು. ಎಲ್ಲ. ಸಿಮ್ ಬದಲಿಸಿ ಕೊಟ್ಟಿದ್ದೆ, ಅದರೊಳಗಿನ ನನ್ನ ಹೆಸರು ತೆಗೆದಿರಲಿಲ್ಲ. ನನ್ನ ಹೆಸರಿನಲ್ಲಿ ಎರಡು ಫೋನು. ಎರಡಕ್ಕೂ ಹೋಗಿದೆ.

ಇಲೋಯಿಲೋದವರು ಬೈದರೂ ಜೋಗುಳ ಹಾಡಿದ ಹಾಗಿರುತ್ತದೆ ಅನ್ನುತ್ತಾರೆ. ಅವರು ಬೈಯಲೂ ಇಲ್ಲ.

“ಮುಖ ನೋಡಿ ಹೇಳೋಕೆ ನಿಂಗೆ ಸಂಕೋಚ, ಅದು ನಂಗೆ ಗೊತ್ತು. ಬರೆದು ಕಳಿಸಿದ್ದು ಒಳ್ಳೇದೇ ಆಯ್ತು. ಬೇರೆ ಯಾರ ಬಗ್ಗೆನೋ ಹೇಳೋ ಹಾಗೆ ‘ಅವಳು, ಅವಳು’ ಅಂತ ಬರೆದಿದ್ದೀಯ. ನಂಗೆ ನೋವಾಗಬಾರ್ದು ಅಂತ ಅಲ್ವಾ?”

ರೇಡಿಯೋ. ಕೊಡೆ ಹಿಡಿದು ಮೀನು ಹುರಿದದ್ದು. ತಟ್ಟೆ. ಒಂದೊಂದೂ ನನ್ನ ಕಾಗದಕ್ಕೆ ಅವರು ಕೊಟ್ಟ ಉತ್ತರ. ನಾನು ಅದನ್ನು ನೋಡಿ ಖುಷಿಪಟ್ಟಿದ್ದೆ.

ಜುಲೈ 4, ಮಂಗಳವಾರ

ನಿನ್ನೆ ಪೂರ್ತಿ ಬರೆಯಲಾಗಲಿಲ್ಲ.

‘ಅದು ನಿಮಗೆ ಬರೆದದ್ದಲ್ಲ’ ಅನ್ನುವ ಮಾತು ಗಂಟಲಿಗೆ ಬಂದಿತ್ತು. ಹಾಗಂದರೆ ಯಾರಿಗೆ ಬರೆದದ್ದು ಅಂತ ಹೇಳಬೇಕು. ನಿಮ್ಮ ಬೆನ್ನ ಹಿಂದೆ ಆಡಿಕೊಂಡದ್ದು ಅಂತ ಹೇಳಬೇಕು. ನಿಮಗೇ ಬರೆದದ್ದು ಅಂದರೆ, ಹೊರಗೆ ಹಾಕಿದ ಹಾಗೆ. “ಊಟ ಮಾಡಿ ಹೋಗಿ,” ಅಂದೆ. ಅದೊಂದೇ ಮಾತು ಹೊರಟಿತು.

“ಅಲ್ಲಿ ಹೋಗಿ ಮಾಡ್ಕೊತೀನಿ.”

ಜೀಪ್ನಿ ಬಸ್ಸು ನಿಲ್ಲುವ ಜಾಗದವರೆಗೆ ಚೀಲ ನಾನೇ ಹೊತ್ತೆ. ಕಳಿಸುವವಳೂ ನಾನೇ, ಹೊರುವವಳೂ ನಾನೇ. ಮೂಲೆ ಅಂಗಡಿಯ ಹೆಂಗಸು ಕೂಗಿ ಕೇಳಿದಳು, “ಏನು ಸ್ಯೋನಿ, ಓಡಿಸಿಬಿಟ್ರಾ?”

“ಕೆಲಸ ಸಿಕ್ತು ಕಣೇ. ನಿನ್ನ ಹಾಗೆ ಕೂತು ನೊಣ ಹೊಡೀಲಾ?”

ಜೀಪ್ನಿ ಹತ್ತಿ ನನ್ನ ಕಡೆ ಕೈ ಬೀಸಿದರು. ಪಕ್ಕದಲ್ಲಿ ಕೂತವನಿಗೆ ನಾವು ಒಳ್ಳೆಯ ಅತ್ತಿಗೆ ನಾದಿನಿಯರು ಅನ್ನಿಸಿರಬೇಕು.

ಜುಲೈ 9, ಭಾನುವಾರ

ಹಳೆಯ ಫೋನನ್ನು ನನ್ನ ಹೆಸರಿನ ಪಟ್ಟಿಯಿಂದ ತೆಗೆದೆ. ತೆಗೆಯಬೇಕೇ ಅಂತ ಎರಡು ಸಲ ಕೇಳಿತು. ಎರಡು ಸಲ ಹೌದು ಅಂದೆ. ಐದು ವಾರದ ಹಿಂದೆ ಮಾಡಬೇಕಿದ್ದ ಕೆಲಸ.

ಆಮೇಲೆ ಕಾಗದಗಳನ್ನೆಲ್ಲ ಓದಿದೆ, ಅವರು ಓದಿದ ಕ್ರಮದಲ್ಲೇ. ಅರ್ಧಕ್ಕೆ ನಿಲ್ಲಿಸಿ ಎದ್ದು ಮುಖ ತೊಳೆದುಕೊಂಡೆ. ಡೆಲ್ಫಾ ಕೇಳಿದಳು, ಮನೆ ಖಾಲಿಯಾಯ್ತಲ್ಲ, ಹೇಗಿದೆ? ಅವಳ ಮೇಲೆ ಸಿಟ್ಟು ಮಾಡಿಕೊಳ್ಳೋಣ ಅಂತ ನೋಡಿದೆ. ಆಗಲಿಲ್ಲ... ಅವಳು ಓದಿದಳು ಅಷ್ಟೇ.

ಜುಲೈ 16, ಭಾನುವಾರ

ರೊಮೆಲ್ ಕರೆ ಮಾಡಿದ.

“ಅಕ್ಕ ಮೊಲೊದಲ್ಲಿ ಯಾವುದೋ ಕ್ಯಾಂಟೀನ್ ಕೆಲಸ ಅಂತಾಳೆ. ಹೌದಾ?”

“ಹೌದಂತೆ.”

“ಇನ್ನು ಅಡುಗೆ ಕೆಲಸ ಬೇಡ ಅಂದಿದ್ದೆ. ಆಪರೇಷನ್ ಆಗಿ ಹದಿನೈದು ದಿನಕ್ಕೇ ಊರಿಗೆ ಹೊರಟಿದ್ದಳು. ಇರು, ನಾನು ಬರೋವರೆಗೂ ಇರು ಅಂತ ನಾನೇ ಕೈ ಮುಗಿದಿದ್ದೆ. ಹೋದ ವರ್ಷ ಅದು ಆದ ಮೇಲೆ ನಿನ್ನ ಒಬ್ಬಳನ್ನೇ ಬಿಟ್ಟು ಹಡಗಿನಲ್ಲಿ ನನಗೆ ನಿದ್ದೆ ಬರ್ತಿರಲಿಲ್ಲ.”

ಅದು ಅಂದರೆ ಮಗು. ಹೊಟ್ಟೆಯಲ್ಲೇ ಐದು ತಿಂಗಳಿಗೆ ಹೋದದ್ದು. ಅದರ ಹೆಸರನ್ನು ನಾವಿಬ್ಬರೂ ಎತ್ತುವುದಿಲ್ಲ.

“ನನಗೆ ಯಾಕೆ ಹೇಳಲಿಲ್ಲ?”

“ಕಾವಲು ಇಟ್ಟಿದ್ದೀಯಾ ಅಂತ ನೀನು ಬೈತಿದ್ದೆ.”

ನಿಜ, ಬೈಯುತ್ತಿದ್ದೆ. ಮನಾಂಗ್ ಭುಜ ಮುಟ್ಟಿ ಮಾತಾಡಿಸುತ್ತಿದ್ದುದು ನೆನಪಾಯಿತು. ಬೇರೇನನ್ನೂ ಕೇಳುತ್ತಿರಲಿಲ್ಲ ಅವರು. ‘ಒಂದು ಲೋಟ ನೀರು ಕುಡೀತೀಯಾ?’ ಅಷ್ಟೇ. ಡೆಲ್ಫಾಗೆ ಅದನ್ನು ಬರೆದಿರಲಿಲ್ಲ.

ಜುಲೈ 30, ಭಾನುವಾರ. ಮಧ್ಯಾಹ್ನ 3

ಮನಾಂಗ್‌ರ ಕೋಣೆಗೆ ಹೋಗಿ ಬಂದೆ. ಮೂರು ಭಾನುವಾರ ಜೀಪ್ನಿ ನಿಲ್ಲುವ ಜಾಗದವರೆಗೆ ಹೋಗಿ ವಾಪಸ್ಸು ಬಂದಿದ್ದೆ.

ಚಿಕ್ಕ ಕೋಣೆ. ಒಂದು ಕಿಟಕಿ. ಸ್ಟೂಲಿನ ಮೇಲೆ ಸ್ಟವ್, ಅದರ ಮೇಲೆ ತೊಗರಿಕಾಳು, ಹಲಸಿನಕಾಯಿ, ಹಂದಿಮಾಂಸ ಕುದಿಯುತ್ತಿತ್ತು. ಕ್ಯಾಂಟೀನ್ ಕೆಲಸ ಈಗ ನಿಜವಾಗಿಯೂ ಸಿಕ್ಕಿದೆ, ಇಲ್ಲೇ ಪಕ್ಕದ ಶಾಲೆಯಲ್ಲಿ. ನನ್ನನ್ನು ಮಂಚದ ಮೇಲೆ ಕೂರಿಸಿದರು. ಕೂತ ಕೂಡಲೇ ಹೇಳಿಬಿಟ್ಟೆ. ತಡಮಾಡಿದರೆ ಹೇಳುತ್ತಿರಲಿಲ್ಲ.

“ಮನಾಂಗ್, ಆ ಕಾಗದಗಳು ನಿಮಗೆ ಬರೆದದ್ದಲ್ಲ.”

ಸೌಟು ನಿಲ್ಲಲಿಲ್ಲ. “ಗೊತ್ತು.”

“ಗೊತ್ತಿತ್ತಾ?”

“ಮೊದಲನೇದರಲ್ಲೇ ಇತ್ತಲ್ಲ, ‘ಡೆಲ್ಫಾ, ಇಲ್ಲಿ ಕೇಳು’ ಅಂತ. ನಾನೇನು ಡೆಲ್ಫಾನಾ?”

“ಮತ್ತೆ ಆವತ್ತು ಯಾಕೆ ಹಾಗಂದ್ರಿ?”

“ಇಲ್ದಿದ್ರೆ ನೀನು ಸುಳ್ಳು ಹೇಳ್ಬೇಕಾಗಿತ್ತು. ಇಬ್ಬರಲ್ಲಿ ಒಬ್ಬರು ಹೇಳಿದ್ರೆ ಸಾಕು ಅಂತ ನಾನೇ ಹೇಳ್ದೆ.” ಉರಿ ಸಣ್ಣ ಮಾಡಿದರು. “ಇನ್ನೊಬ್ಬರ ಕಾಗದ ಓದಬಾರ್ದು. ಮೊದಲನೇದು ಗೊತ್ತಿಲ್ದೆ ಓದಿದೆ. ಆಮೇಲಿನದು ಗೊತ್ತಿದ್ದೇ ಓದಿದೆ. ಬಂತಾ, ಬಂತಾ ಅಂತ ಕಾಯ್ತಿದ್ದೆ. ನಂಗೂ ನಾಚಿಕೆ ಇದೆ.”

“ನಿಮಗ್ಯಾಕೆ...”

“ಬೇರು ಬಿಡೋದು ಅಂತ ಬರೆದಿದ್ಯಲ್ಲ, ಅದೊಂದು ಮಾತ್ರ —” ಅಂದು ನಿಲ್ಲಿಸಿದರು. ಸೌಟಿನ ತುದಿಯಲ್ಲಿ ಸಾರು ತೆಗೆದು ನನ್ನ ಕೈಗೆ ಹಾಕಿದರು. “ಉಪ್ಪು ನೋಡು.”

ಉಪ್ಪು ಸರಿಯಿತ್ತು. ತಲೆ ಆಡಿಸಿದೆ.

“ಮನೆಗೆ ಬನ್ನಿ.”

“ಬರಲ್ಲ.”

“ಸಿಟ್ಟಾ?”

“ಸಿಟ್ಟಿದೆ.” ಅದನ್ನೂ ಜೋಗುಳದ ದನಿಯಲ್ಲೇ ಹೇಳಿದರು. “ಇಳಿಯತ್ತೆ. ಇಳಿದ ಮೇಲೆ ಒಂದಿನ ಊಟಕ್ಕೆ ಬರ್ತೀನಿ. ಇರೋಕಲ್ಲ. ರೊಮೆಲ್‌ಗೆ ನಾನಾಗಿ ಏನೂ ಹೇಳಲ್ಲ. ನೀನು ಹೇಳು ಅಂತಾನೂ ಹೇಳಲ್ಲ.”

ಎದುರುಬದುರು ಕೂತು ಊಟ ಮಾಡಿದೆವು. ಊಟದ ನಡುವೆ ಅವರ ಗಂಟಲಲ್ಲಿ ಏನೋ ಸಿಕ್ಕಿಕೊಂಡಿತು. ಕ್ಯಾಕರಿಸದೆ ಎದ್ದು ಹೊರಗೆ ಹೋದರು, ಸ್ವಲ್ಪ ಹೊತ್ತು ಬಿಟ್ಟು ಬಂದರು. ತಟ್ಟೆ ನೋಡುತ್ತಾ ಕೂತಿದ್ದೆ.

ಸಂಜೆ 4.10

ರೊಮೆಲ್ ನಾಲ್ಕೂವರೆಗೆ ಕರೆ ಮಾಡುತ್ತಾನೆ. ಹೇಳಬೇಕಾದ್ದನ್ನು ಇಲ್ಲಿ ಬರೆದು ನೋಡಿದೆ. ‘ಗೊತ್ತಿಲ್ಲದೆ ಆಯಿತು’ ಅಂತ ಬರೆದು ಹೊಡೆದುಹಾಕಿದೆ. ಕಳಿಸಿದ್ದು ಗೊತ್ತಿಲ್ಲದೆ. ಬರೆದದ್ದಲ್ಲ. ‘ಒಂಟಿತನ’ ಅಂತ ಬರೆದೆ, ಅದನ್ನೂ ಹೊಡೆದೆ. ಒಂಟಿಯಾಗಿರಲಿಲ್ಲ, ಅವರಿದ್ದರು.

ಮನಾಂಗ್‌ರಿಗೆ ಕೆಲಸ ಸಿಕ್ಕಿದ್ದು ಮನೆ ಬಿಟ್ಟು ಹೋದ ಮೇಲೆ. ಅಲ್ಲಿಂದಲೇ ಶುರುಮಾಡಬೇಕು.

ಫೋನ್ ಬಂತು. ಬೇಗ ಮಾಡಿದ್ದಾನೆ. ಎತ್ತುವ ಮುಂಚೆ ಮೊದಲ ಮಾತು ಒಂದನ್ನಾದರೂ ಬರೆದಿಡುತ್ತೇನೆ — ನಿನ್ನ ಅಕ್ಕ ಮನೆ ಬಿಟ್ಟದ್ದು ಕೆಲಸಕ್ಕಲ್ಲ, ರೊಮೆಲ್, ನಾನು