ನೋಡ್ಕೊ ಅಂದಿದ್ದೆ

ಮನೆಯಿಂದ
ಭಾನುವಾರ, ೮ ಜೂನ್

ಪ್ರೀತಿಯ ಅಕ್ಕಾ,

ಹಲ್ಲಿನ ವಿಷಯ ಎತ್ತದೆ ಬರೀ ಕ್ಷೇಮಸಮಾಚಾರ ಬರೆದು ಮುಗಿಸಬೇಕು ಅಂತಲೇ ಕೂತಿದ್ದೆ. ಅಂಥದ್ದೊಂದು ಪತ್ರ ಬರೆದೂ ಇದ್ದೆ. ಓದಿದರೆ ಗುರುತಿಲ್ಲದ ಯಾರೋ ಬರೆದ ಹಾಗಿತ್ತು, ಹರಿದು ಹಾಕಿದೆ. ನಿನ್ನ ಸೊಂಟನೋವು ಹೇಗಿದೆ? ದಿನವಿಡೀ ಕ್ಲಿನಿಕ್ಕಿನ ಕುರ್ಚಿಯ ಪಕ್ಕ ಬಗ್ಗಿ ನಿಂತು ಕಂಡವರ ಹಲ್ಲು ನೋಡುವವಳು ನಿನ್ನ ಬೆನ್ನನ್ನು ಮಾತ್ರ ಯಾವ ಡಾಕ್ಟರಿಗೂ ತೋರಿಸುವುದಿಲ್ಲ. ಭಾವ ಬೆಳಗಿನ ವಾಕಿಂಗ್ ಬಿಟ್ಟಿಲ್ಲ ತಾನೆ? ಇದನ್ನೆಲ್ಲ ಬಾಯಿಮಾತಿಗೆ ಕೇಳುತ್ತಿಲ್ಲ. ಸಿಟ್ಟು ಬೇರೆ, ಇದು ಬೇರೆ. ಆದರೆ ಸಿಟ್ಟು ಬಂದಿದೆ ಅಕ್ಕಾ. ಮಗಳು ರಜೆ ಮುಗಿಸಿ ನಿಮ್ಮ ಮನೆಯಿಂದ ಬಂದ ದಿನದಿಂದ ಅದು ಇಳಿದೇ ಇಲ್ಲ.

ದೊಡ್ಡಮ್ಮ ಏನು ಕೊಟ್ಟರು ಅಂತ ಕೇಳಿದ್ದಕ್ಕೆ ಬ್ಯಾಗಿನಿಂದ ಓಲೆಯ ಡಬ್ಬಿ ತೆಗೆದು ಕೈಗಿಟ್ಟಳು. ನಾನು ಓಲೆಯೇ ಇರಬೇಕು ಅಂತ ಖುಷಿಯಿಂದ ಮುಚ್ಚಳ ತೆಗೆದೆ. ಹತ್ತಿಯ ಮೇಲೆ ಎರಡು ಹಲ್ಲು. ಬೇರುಸಮೇತ, ಒಂದು ಚುಕ್ಕೆ ಹುಳುಕಿಲ್ಲ. ಮೇಲಿನ ಸಾಲಿನಲ್ಲಿ ಕೋರೆಹಲ್ಲಿನ ಹಿಂದಿನವು, ಎಡಕ್ಕೊಂದು ಬಲಕ್ಕೊಂದು. ಅವಳ ಕೆನ್ನೆ ಮುಟ್ಟಿ ನೋಡಲೂ ನನಗೆ ಧೈರ್ಯ ಬರಲಿಲ್ಲ.

ಅವಳ ಹಲ್ಲು ಒಂದರ ಮೇಲೊಂದು ಹತ್ತಿ ಕೂತಿದ್ದವು, ನಿಜ. ನೀನು ‘ಬಸ್ ಸ್ಟ್ಯಾಂಡ್ ಬಾಯಿ’ ಅಂತ ಹೆಸರಿಟ್ಟಾಗ ಅವಳೂ ನಕ್ಕಳು. ಆದರೆ ಇಲ್ಲಿ ಹಲ್ಲಿಗೆ ಕ್ಲಿಪ್ ಹಾಕುವ ಡಾಕ್ಟರು ಅಚ್ಚು ತೆಗೆದು, ಎಕ್ಸ್‌ರೇ ನೋಡಿ, ಮೇಲಿನ ದವಡೆ ಕಿರಿದಾಗಿದೆ, ಇನ್ನೂ ಬೆಳೆಯುವ ವಯಸ್ಸು, ನಿಧಾನವಾಗಿ ಅಗಲ ಮಾಡೋಣ, ಒಂದನ್ನೂ ಕೀಳುವುದು ಬೇಡ ಅಂದಿದ್ದರು. ಅಂಗುಳಕ್ಕೆ ಕೂರುವ ಪ್ಲೇಟು, ಅದರ ನಡುವೆ ಪುಟ್ಟ ತಿರುಪು. ಡಾಕ್ಟರು ಹೇಳಿದ ದಿನ ಕೀಲಿ ಹಾಕಿ ಅದನ್ನು ಒಂಚೂರು ತಿರುಗಿಸುವುದು ನನ್ನ ಕೆಲಸ. ಪ್ಲೇಟು ಹಾಕಿಕೊಂಡು, ಆ ಬಿಗಿತ ಕಳೆಯುವವರೆಗೆ ಅವಳು ಅಡುಗೆಮನೆಯ ಕಟ್ಟೆ ಹಿಡಿದು ನಿಂತು ನನ್ನನ್ನು ‘ಮೆಕ್ಯಾನಿಕ್ಕು’ ಅಂತ ಬೈಯುತ್ತಿದ್ದಳು. ಕೂದಲೆಳೆಯಷ್ಟೇ ಜಾಗ ಆಗುತ್ತಿತ್ತು, ಆದರೆ ಆಗುತ್ತಿತ್ತು. ಈಗ ಆ ಪ್ಲೇಟು ಬಾಯಲ್ಲಿ ನಿಲ್ಲುತ್ತಿಲ್ಲ. ಅದರ ಕೊಂಡಿಗಳು ಹಿಡಿದುಕೊಂಡಿದ್ದೇ ನೀನು ಕಿತ್ತ ಹಲ್ಲುಗಳನ್ನು.

ಫೋನಿನಲ್ಲಿ ಎಷ್ಟು ಸಲೀಸಾಗಿ ಹೇಳಿದೆ! “ನೀನೇ ತಾನೇ ಅವಳ ಹಲ್ಲು ನೋಡ್ಕೊ ಅಂದಿದ್ದು? ಅಷ್ಟು ಚಿಕ್ಕ ಬಾಯಿಗೆ ಅಷ್ಟು ಹಲ್ಲು ಯಾಕೇ ಬೇಕು? ನಿಮ್ಮ ಡಾಕ್ಟರು ಸುಮ್ಮನೆ ವರ್ಷಗಟ್ಟಲೆ ಎಳೀತಾರೆ.” ಹೌದು, ನೋಡ್ಕೊ ಅಂದಿದ್ದೆ. ಇಂಗ್ಲಿಷ್ ಶಾಲೆಯಲ್ಲಿ ಓದಿದ ನಾನು ಕನ್ನಡದಲ್ಲಿ ತಪ್ಪು ಪದ ಹೇಳಿಬಿಟ್ಟೆನೇನೋ ಅಂತ ತಲೆ ಕೆಡಿಸಿಕೊಂಡೆ. ಆದರೆ ಒಲೆಯ ಮೇಲೆ ಹಾಲಿಟ್ಟು ನೋಡ್ಕೊ ಅಂದರೆ ಉಕ್ಕದ ಹಾಗೆ ನೋಡ್ಕೊ ಅಂತ ತಾನೇ ಅರ್ಥ? ಮೋರಿಗೆ ಚೆಲ್ಲು ಅಂತ ಅಲ್ಲವಲ್ಲ! ಕೀಳಲೇಬೇಕಾದ ಬಾಯಿಗಳೂ ಇರುತ್ತವೆ ಅಂತ ಇಲ್ಲಿನ ಡಾಕ್ಟರೇ ಒಪ್ಪುತ್ತಾರೆ. ನಿನ್ನ ವಿದ್ಯೆಯ ಬಗ್ಗೆ ನನ್ನ ತಕರಾರಿಲ್ಲ. ಒಂದು ಫೋನ್ ಮಾಡಬಹುದಿತ್ತು. ನಾನು ಬೇಡ ಅನ್ನುತ್ತೇನೆ ಅಂತ ಗೊತ್ತಿದ್ದೇ ಮಾಡಲಿಲ್ಲವಾ? ಇಲ್ಲ, ತಂಗಿಯ ಮಗಳು ಅಂದರೆ ನಿನ್ನದೇ ಮಗಳು ಅಂದುಕೊಂಡೆಯಾ? ಹಾಗಿದ್ದರೆ ಅದು ಪ್ರೀತಿಯೇ ಇರಬಹುದು. ಆದರೂ ಸಿಟ್ಟು ಕಡಿಮೆಯಾಗುತ್ತಿಲ್ಲ.

ಕೊನೆಗೆ “ಅವಳನ್ನೂ ಕೇಳಿದೆ, ಹೂಂ ಅಂದಳು” ಅಂದೆಯಲ್ಲ, ಅಲ್ಲಿಗೆ ಫೋನ್ ಇಟ್ಟುಬಿಟ್ಟೆ. ಅವಳ ಮೇಲೂ ಮುನಿಸಿಕೊಂಡೆ. ನನಗೆ ಹೇಳದೆ ಹೇಗೆ ಒಪ್ಪಿದಳು ಅಂತ ಸರಿಯಾಗಿ ಮಾತೇ ಆಡಿಸಿಲ್ಲ. ಕೆಳಗಿನ ಎರಡನ್ನು ಮುಂದಿನ ರಜೆಯಲ್ಲಿ ತೆಗೀತೀನಿ ಅಂತ ಅವಳ ಹತ್ತಿರ ಹೇಳಿ ಕಳಿಸಿದ್ದೀಯ. ಅದು ಆಗುವುದಿಲ್ಲ. ಹಲ್ಲುಗಳ ಸಂದಿಯನ್ನು ತೀರಾ ತೆಳುವಾಗಿ ಉಜ್ಜಿ, ಕ್ಲಿಪ್ ಹಾಕಿ, ಕೆಳಸಾಲನ್ನು ಕೀಳದೆಯೇ ಕೂರಿಸಬಹುದಾ ಅಂತ ಡಾಕ್ಟರು ಹೊಸದಾಗಿ ಲೆಕ್ಕ ಹಾಕುತ್ತಿದ್ದಾರೆ. ನೀನು ತೆಗೆದ ಎಕ್ಸ್‌ರೇ ಕಳಿಸು.

ಭಾವನಿಗೆ ನಾನು ಕೇಳಿದೆ ಅಂತ ಹೇಳು. ಬೆನ್ನು ತೋರಿಸಿಕೊ.

ಸಿಟ್ಟಿದ್ದರೂ ನಿನ್ನವಳೇ,
ತಂಗಿ

ತಾ.ಕ.: ಲಕೋಟೆಗೆ ಹಾಕುವಾಗ ಮನಸ್ಸು ತಡೆಯದೆ ಅವಳನ್ನೇ ಕೇಳಿಬಿಟ್ಟೆ: “ಯಾಕೇ ಹೂಂ ಅಂದೆ?” ಅವಳು ತನ್ನದೇ ಎರಡು ಬೆರಳು ಬಾಯೊಳಗೆ ತುರುಕಿಕೊಂಡು, “ಈಗ ಉಹೂಂ ಅಂತೀನಿ, ಕೇಳು” ಅಂತ ತೊದಲಿದಳು. ಅಂದಳು. ಅಕ್ಕಾ, ನನಗೂ ಹೂಂ ಅಂತಲೇ ಕೇಳಿಸಿತು. ಅವತ್ತು ಉಹೂಂ ಅಂತ ಎರಡನೇ ಸಲ ಹೇಳಿದರೆ ದೊಡ್ಡಮ್ಮಂಗೆ ಬೇಜಾರಾಗುತ್ತೆ ಅಂತ ಸುಮ್ಮನಾದಳಂತೆ. ಇನ್ನು ಆ ಕುರ್ಚಿಯಲ್ಲಿ ಯಾರನ್ನೇ ಏನೇ ಕೇಳುವುದಿದ್ದರೂ ಮೊದಲು ನಿನ್ನ ಕೈ ಆಚೆ ತೆಗೆ. ಇವಳನ್ನು ಮಾತ್ರ ನೀನೇ ಬಂದು ಕೇಳಬೇಕು, ಬರಿಗೈಯಲ್ಲಿ, ಎದುರು ಕೂತು. ಇವತ್ತು ಪೋಸ್ಟಾಫೀಸು ಮುಚ್ಚಿದೆ. ನಾಳೆ, ಒಂಬತ್ತನೇ ತಾರೀಖು, ಹಾಕುತ್ತೇನೆ.