ಹಿಂದಿನ ಸೀಟಿನ ಭಾರ

ಹಂಗಸ್‌ಪೆರ
ಮಾರ್ಚ್ ೬, ಭಾನುವಾರ

ಅಮ್ಮಾ,

ನಿಂತುಕೊಂಡು ಓದುತ್ತಿದ್ದರೆ ಮೊದಲು ಕೂತುಕೋ. ಕೆರ್ತು ಚಿಕ್ಕಮ್ಮ ಪಕ್ಕದಲ್ಲಿದ್ದರೆ ಒಳ್ಳೆಯದೇ ಆಯಿತು, ಕಾಫಿಗೆ ಇಡಲು ಹೇಳು. ಫೋನ್ ಇರುವಾಗ ಇವಳಿಗೆ ಕಾಗದ ಬರೆಯುವ ಹುಚ್ಚು ಯಾಕೆ ಅಂತ ಬೈಯಬೇಡ. ನಿನಗೆ ಫೋನ್ ಮಾಡಕೂಡದು ಅಂತ ಅಪ್ಪ ನನ್ನಿಂದ ಆಣೆ ಮಾಡಿಸಿಕೊಂಡಿದ್ದಾನೆ. ಕಾಗದದ ಮಾತು ಅವನು ಎತ್ತಲಿಲ್ಲ, ನಾನೂ ಜ್ಞಾಪಿಸಲಿಲ್ಲ. ಅಕ್ಷರ ಕೋಳಿ ಕೆದಕಿದ ಹಾಗಿದ್ದರೆ ಹೊಟ್ಟೆಗೆ ಹಾಕಿಕೋ.

ವಿಷಯ ಶುರುವಾಗಿದ್ದು ನಿನ್ನ ಸವತಿಯಿಂದ. ಅದೇ, ನೀನು ಹಾಗಂತ ಕರೆಯುತ್ತಿದ್ದ ಅಪ್ಪನ ಹಳೇ ಸ್ನೋಮೊಬೈಲ್. ಜನವರಿಯಲ್ಲಿ ಅಪ್ಪ ಅದನ್ನು ನನ್ನ ಶೆಡ್ಡಿಗೆ ತಂದು ನಿಲ್ಲಿಸಿ, ಹಿಂದಿನ ಸಸ್ಪೆನ್ಷನ್ ಪೂರ್ತಿ ಕಿತ್ತುಹಾಕಿ ಈಗಿನ ಕಾಲದ್ದು ಕೂರಿಸು ಅಂದ. ನನಗೆ ನನ್ನ ಕಿವಿಯ ಮೇಲೇ ನಂಬಿಕೆ ಬರಲಿಲ್ಲ. ಎರಡು ಚಳಿಗಾಲದ ಹಿಂದೆ ನೀವಿಬ್ಬರೂ ಸರೋವರಕ್ಕೆ ಬಲೆ ಎತ್ತಲು ಹೋಗುವಾಗ ಗಾಡಿ ಹಿಮದ ದಿಣ್ಣೆಯ ಮೇಲೆ ಎಗರಿ ಬಿದ್ದು, ಹಿಂದೆ ಕೂತಿದ್ದ ನಿನ್ನ ಬೆನ್ನುಮೂಳೆ ಬಿರುಕು ಬಿಟ್ಟಿತಲ್ಲ. ಗಾಡಿಯ ಸ್ಪ್ರಿಂಗೇ ಸತ್ತುಹೋಗಿದೆ ಅಂತ ನೀನು ಅಂದದ್ದಕ್ಕೆ, ಈ ಮನುಷ್ಯ ಊರವರ ಮುಂದೆ ನಗುತ್ತಾ ಅಂದಿದ್ದ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ." ಆ ಒಂದು ಮಾತಿಗೆ ನೀನು ಬೆನ್ನಿಗೆ ಪಟ್ಟಿ ಕಟ್ಟಿಕೊಂಡೇ ಔಲು ಪಟ್ಟಣದ ಬಸ್ಸು ಹತ್ತಿ ಚಿಕ್ಕಮ್ಮನ ಮನೆ ಸೇರಿದೆ. ಈಗ ಅದೇ ಬಾಯಿ ಹೊಸದು ಹಾಕು ಅನ್ನುತ್ತಿದೆ! ಯಾಕಪ್ಪಾ ಅಂತ ಕೇಳಿದ್ದಕ್ಕೆ, ಮಂಡಿ ನೋವು ಅಂದ. ನಂಬಿದೆ.

ನಮ್ಮ ಪಕ್ಕದ ಮನೆ ಅಲ್ಪೊನ ಹೊಸ ಗಾಡಿಯ ಇಂಜಿನ್ ಸುಟ್ಟುಹೋಗಿ ಮೂಲೆಯಲ್ಲಿ ಬಿದ್ದಿತ್ತು. ಅದರ ಹಿಂಭಾಗವನ್ನೇ ಬಿಚ್ಚಿ ತಂದೆ. ಅದರ ಕಬ್ಬಿಣದ ತೋಳುಗಳು ಉದ್ದ. ಹಳೇ ಗಾಡಿಯ ತೂತುಗಳಿಗೆ ಕೂರದೆ ಹೊಸ ತೂತು ಕೊರೆದು, ಒಳಗಿನಿಂದ ತಗಡು ಕೊಟ್ಟು ಗಟ್ಟಿ ಮಾಡಬೇಕಾಯಿತು. ಅಪ್ಪ ದಿನವೂ ಬಂದು ಒಲೆಯ ಪಕ್ಕ ಸ್ಟೂಲಿನಲ್ಲಿ ಕೂರುವುದು, ಅಲ್ಲಿ ಬಿಗಿ ಮಾಡು, ಇಲ್ಲಿ ಸಡಿಲ ಮಾಡು ಅನ್ನುವುದು. ಸ್ಪ್ಯಾನರ್ ಮಾತ್ರ ಮುಟ್ಟಲಿಲ್ಲ. ದಪ್ಪ ಸೂಟನ್ನು ಒಲೆಯ ಮುಂದೆಯೂ ಬಿಚ್ಚಲಿಲ್ಲ. ವಯಸ್ಸಾಯಿತು, ಚಳಿ ತಡೆಯುವುದಿಲ್ಲ ಅಂದುಕೊಂಡೆ ನಾನು, ಕಣ್ಣಿದ್ದೂ ಕುರುಡಿ.

ಸ್ಪ್ರಿಂಗನ್ನು ಕೂರುವವರ ತೂಕ ನೋಡಿ ತರಿಸಬೇಕು. ನಿನ್ನ ತೂಕ ಎಷ್ಟು ಅಂತ ಅಪ್ಪನನ್ನು ಕೇಳಿದೆ. ರೆಪ್ಪೆ ಬಡಿಯದೆ ನೂರಿಪ್ಪತ್ತು ಕಿಲೋ ಅಂತ ಬರೆದುಕೋ ಅಂದ. ಕ್ರಿಸ್‌ಮಸ್ಸಿನ ಹಂದಿ ತೊಡೆಯನ್ನು ನೀನೊಬ್ಬನೇ ಮುಗಿಸಿದೆಯಾ ಅಂತ ಗೇಲಿ ಮಾಡಿದೆ. ಅವನೂ ನಕ್ಕ. ಅಮ್ಮಾ, ಆ ನಗು ನೆನೆಸಿಕೊಂಡರೆ ಈಗ ಮೈ ಉರಿಯುತ್ತದೆ.

ನಿನ್ನೆ ಕೆಲಸ ಮುಗಿಯಿತು. ಕೊನೆಗೆ ಒಂದು ಅಳತೆ ನೋಡುವುದಿರುತ್ತದೆ, ನೀನೇ ಎಷ್ಟೋ ಸಲ ಟೇಪು ಹಿಡಿದಿದ್ದೀಯ. ಖಾಲಿ ಗಾಡಿಯ ಹಿಂಭಾಗ ನೆಲದಿಂದ ಎಷ್ಟು ಎತ್ತರ, ಸವಾರ ಪೂರ್ತಿ ಬಟ್ಟೆ ಹಾಕಿ ಕೂತ ಮೇಲೆ ಎಷ್ಟು ಕುಸಿಯಿತು ಅಂತ. ಸ್ಪ್ರಿಂಗ್ ಸರಿಯಿದ್ದರೆ ಒಂದು ಅಂಗೈ ಅಗಲ ಕುಸಿಯಬೇಕು. ಅಪ್ಪ ಹತ್ತಿ ಕೂತ. ಎರಡು ಬೆರಳೂ ಕುಸಿಯಲಿಲ್ಲ.

ಅಂಗಡಿಯವನು ತಪ್ಪು ಸ್ಪ್ರಿಂಗ್ ಕೊಟ್ಟು ಟೋಪಿ ಹಾಕಿದ ಅಂತ ಅವನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಪಾಪ, ಅವನು ಶಾಂತವಾಗಿ, ತೂಕ ಗೊತ್ತಿರುವ ಏನನ್ನಾದರೂ ಹೇರಿ ನೋಡು ತಾಯಿ ಅಂದ. ಅಪ್ಪನನ್ನು ಇಳಿಸಿ, ಹಿಮಸಾರಂಗಗಳಿಗೆ ತಂದಿದ್ದ ಮೂವತ್ತು ಕಿಲೋದ ಮೇವಿನ ಮೂಟೆ ನಾಲ್ಕನ್ನು ಸೀಟಿನ ಮೇಲೆ ಹೇರಿದೆ. ಗಾಡಿ ಸರಿಯಾಗಿ ಒಂದು ಅಂಗೈ ಕೂತಿತು. ಟೇಪು ಹಿಡಿದುಕೊಂಡು ಹಾಗೇ ನಿಂತೆ. ಸ್ಪ್ರಿಂಗ್ ಸರಿಯಿದೆ, ಮೂಟೆ ಸರಿಯಿದೆ. ಉಳಿದವನು ಅಪ್ಪ ಒಬ್ಬನೇ. ತಿರುಗಿ ನೋಡಿದೆ. ಅವನು ಒಲೆಯ ಕಡೆ ಮುಖ ಮಾಡಿಕೊಂಡಿದ್ದ.

ಏನೂ ಕೇಳದೆ ಹೋಗಿ ಅವನ ಸೂಟಿನ ಜಿಪ್ಪು ಎಳೆದೆ. ಬೇಡ ಕಣೇ ಅಂತ ಕೈ ಹಿಡಿದ, ಆ ಕೈಯಲ್ಲಿ ಬಲವೇ ಇರಲಿಲ್ಲ. ಒಳಗೆ ಕುರಿಚರ್ಮದ ಅಂಗಿ, ಅದರೊಳಗೆ ನೀನು ಹೆಣೆದ ಬೂದು ಸ್ವೆಟರ್, ಅದರೊಳಗೆ ಇನ್ನೊಂದು, ಅದರೊಳಗೆ ಮಡಚಿ ಸುತ್ತಿಕೊಂಡ ಕಂಬಳಿ ತುಂಡು. ಬಿಚ್ಚಿದಷ್ಟೂ ಬಟ್ಟೆಯೇ ಅಮ್ಮಾ, ಅಪ್ಪ ಸಿಗಲೇ ಇಲ್ಲ. ಕೊನೆಗೆ ಸಿಕ್ಕಿದ್ದು ಪಕ್ಕೆಲುಬು. ನಾನು ಕಿರುಚಿಕೊಂಡೆನಂತೆ, ಅಲ್ಪೊ ತನ್ನ ಮನೆಯಿಂದ ಓಡಿಬಂದ. ಮೀನು ತೂಗುವ ತಕ್ಕಡಿಯ ಮೇಲೆ ಇಬ್ಬರೂ ಸೇರಿ ನಿಲ್ಲಿಸಿದೆವು. ಐವತ್ತಾರು. ಒಂದು ಕಾಲಕ್ಕೆ ಈ ಮನುಷ್ಯ ಬಾಗಿಲಲ್ಲಿ ನಿಂತರೆ ಒಳಗೆ ಕತ್ತಲಾಗುತ್ತಿತ್ತು.

ಸೌನಾ ಮನೆಯ ಒಲೆ ಬಿರುಕು ಬಿಟ್ಟಿದೆ, ಶನಿವಾರದ ಉಗಿಸ್ನಾನಕ್ಕೆ ಅಲ್ಪೊನ ಮನೆಗೆ ಹೋಗು ಅಂತ ಅಪ್ಪ ಶರತ್ಕಾಲದಿಂದ ನನ್ನನ್ನು ಕಳಿಸುತ್ತಿದ್ದನಲ್ಲ. ನಿನ್ನೆ ಹೋಗಿ ನೋಡಿದೆ. ಒಲೆಗೆ ಒಂದು ಗೀರೂ ಇಲ್ಲ. ಮೈ ಬಿಚ್ಚಬೇಕಾಗುತ್ತದಲ್ಲ, ಅದಕ್ಕೆ ಆ ಸುಳ್ಳು. ಈ ಊರಿನಲ್ಲಿ ಒಬ್ಬ ಮನುಷ್ಯ ಇಷ್ಟು ಶನಿವಾರ ಸೌನಾ ಬಿಟ್ಟ, ಮಗಳಾದವಳಿಗೆ ಅನುಮಾನ ಬರಲಿಲ್ಲ ಅಂದರೆ ನನ್ನನ್ನು ಏನನ್ನಬೇಕು ಹೇಳು.

ಹೊಟ್ಟೆಯಲ್ಲಿ ಗೆಡ್ಡೆಯಂತೆ. ನವೆಂಬರಿನಲ್ಲೇ ಗೊತ್ತಾಗಿದೆ. ಕತ್ತರಿಸಿ ತೆಗೆಯಬಹುದು ಅಂತ ಡಾಕ್ಟರು ಫೆಬ್ರವರಿಯಲ್ಲಿ ದಿನ ಕೊಟ್ಟರೆ ಈ ಮಹಾನುಭಾವ ಬರುವುದಿಲ್ಲ ಅಂದಿದ್ದಾನೆ. ಈಗ ಮತ್ತೆ ಬರುವ ಶುಕ್ರವಾರ ಕರೆದಿದ್ದಾರೆ. ಇದೂ ತಪ್ಪಿದರೆ ಆಮೇಲೆ ಕತ್ತರಿ ಹಾಕಿ ಪ್ರಯೋಜನವಿಲ್ಲ ಅಂದಿದ್ದಾರಂತೆ. ಯಾಕೆ ಹೋಗಲಿಲ್ಲ ಅಂತ ಕೇಳಿದರೆ, ಗಾಡಿ ಕೆಲಸ ಮುಗಿಯಲಿ ಅಂತಿದ್ದೆ ಅನ್ನುತ್ತಾನೆ. ಮುಗಿಯಿತಲ್ಲ ಮಾರಾಯ, ಈಗ ನಡಿ ಅಂದರೆ, ಇನ್ನೂ ಮುಗಿದಿಲ್ಲ ಅನ್ನುತ್ತಾನೆ. ಅತ್ತೆ, ಬೈದೆ, ಊಟ ಬಿಡುತ್ತೇನೆ ಅಂದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಅವನು ಜನ್ಮದಲ್ಲಿ ಯಾರ ಮಾತಾದರೂ ಕೇಳಿದ್ದಿದ್ದರೆ ಅದು ನಿನ್ನದು, ಅದೂ ನೀನು ಮೂರನೇ ಸಲ ಹೇಳಿದ ಮೇಲೆ.

ನಿನ್ನ ಸಿಟ್ಟು ನ್ಯಾಯದ್ದೇ, ಅದನ್ನು ಬಿಡು ಅಂತ ನಾನು ಹೇಳುವುದಿಲ್ಲ. ಸಿಟ್ಟನ್ನೂ ಜೊತೆಗೇ ಕಟ್ಟಿಕೊಂಡು ಬಾ. ನಾಳೆ ಅಲ್ಪೊ ಔಲುವಿಗೆ ಲಾರಿ ಒಯ್ಯುತ್ತಾನೆ, ಈ ಕಾಗದ ಅವನ ಕೈಯಲ್ಲೇ ಕೊಡುತ್ತೇನೆ. ಬುಧವಾರ ಬೆಳಿಗ್ಗೆ ವಾಪಸ್ ಹೊರಡುತ್ತಾನೆ. ಅವನ ಪಕ್ಕದ ಸೀಟಿಗೆ ನಿನ್ನ ಬೆನ್ನಿಗಾಗಿ ದಿಂಬು ಇಟ್ಟಿದ್ದೇನೆ. ನನಗೆ ಭಯವಾಗುತ್ತಿದೆ ಅಮ್ಮಾ.

ನಿನ್ನ ಮಗಳು,
ಹಿಲ್ಕಾ

ಲಕೋಟೆ ಅಂಟಿಸುವ ಮೊದಲು ಇನ್ನೊಂದು ಮಾತು: ಐವತ್ತಾರು ಕಿಲೋಗೆ ಹೊಂದುವ ಮೆತ್ತನೆ ಸ್ಪ್ರಿಂಗ್ ತರಿಸುತ್ತೇನೆ ಅಂತ ಈಗ ತಾನೇ ಅಪ್ಪನಿಗೆ ಹೇಳಿದೆ. ಬೇಡ, ಲೆಕ್ಕ ಸರಿಯಾಗೇ ಇದೆ ಅಂದ. ಯಾವ ಲೆಕ್ಕ ಅಂದೆ. "ಜನವರೀಲಿ ನಾನು ಅರವತ್ತು, ಅವಳು ಅರವತ್ತು. ಈಗ ನಾನು ನಾಲ್ಕು ಇಳಿದಿದೀನಿ. ಅವಳು ಕೆರ್ತು ಮನೆ ಬೆಣ್ಣೆ ತಿಂದು ನಾಲ್ಕು ಏರಿರ್ತಾಳೆ. ಹಿಂದೆ ಕೂರೋಳು ಕೂತು ನೋಡದೆ ಕೆಲಸ ಮುಗೀತು ಅನ್ನೋಕಾಗುತ್ತಾ?" ಆಮೇಲೆ ಈ ಕಾಗದ ನೋಡಿಬಿಟ್ಟ. ಬೈಯುತ್ತಾನೆ ಅಂದುಕೊಂಡೆ. ಬಾಗಿಲ ತನಕ ಹೋದವನು ತಿರುಗಿ ನಿಂತು ಹೇಳಿದ, "ಹೇಗೂ ಬರೀತಿದ್ದೀಯಲ್ಲ, ಇದನ್ನೂ ಬರಿ. ನೆಲ ಡೊಂಕೇ ಇತ್ತು ಅಂತ."