ಬಾಯಿ ಬಿಟ್ಟ ಅಕ್ಷರಗಳು

ಲುವೊಯಾಂಗ್
೨ ಡಿಸೆಂಬರ್ ೧೯೮೬

ನನ್ನ ಪ್ರೀತಿಯ ಅಕ್ಕಾ,

ನಾನು ಚೆನ್ನಾಗಿದ್ದೇನೆ. ಬಾಣಂತನದ ತಿಂಗಳು ಮುಗಿದು ಇಪ್ಪತ್ತು ದಿನವಾದರೂ ಅತ್ತೆ ನನ್ನನ್ನು ಹೊಸ್ತಿಲು ದಾಟಲು ಬಿಟ್ಟಿಲ್ಲ. ಅಷ್ಟು ಅಕ್ಕರೆ! ಮೂರು ಹೊತ್ತೂ ನವಣೆ ಗಂಜಿ, ಬೆಲ್ಲದ ನೀರಿನಲ್ಲಿ ಬೆಂದ ಮೊಟ್ಟೆ. ನನ್ನ ಕಾಗದಗಳನ್ನು ಓದಿ, ತಾವೇ ಅಂಟು ಹಚ್ಚಿ ಅಂಚೆಗೆ ಹಾಕುತ್ತಾರೆ. ಮೆಟ್ಟಿಲಿಳಿಯುವ ಶ್ರಮವೂ ನನಗಿಲ್ಲ.

ಹೊತ್ತು ಹೋಗದೆ ಮನೆಯ ಸದ್ದುಗಳನ್ನು ಬರೆಯುತ್ತಿದ್ದೇನೆ. ಅತ್ತೆ ಮಾರ್ಕೆಟ್ಟಿಗೆ ಹೊರಟರೆ, ಕಳ್ಳರ ಭಯಕ್ಕೆ ಹೊರಗಿನಿಂದ ಹಾಕುವ ಕಬ್ಬಿಣದ ಅಗುಳಿ ‘ಕ್ವಾಂಗ್‌ಲಾಂಗ್’. ಬಾಣಂತಿಗೆ ಗಾಳಿ ಸೋಕಬಾರದೆಂದು ಕಿಟಕಿಗೆ ಹೊಡೆದ ಹಲಗೆ ‘ಗಾಝಿ ಗಾಝಿ’. ಕೇಳಿದರೆ ಹಲ್ಲು ಜುಮ್ಮೆನ್ನುತ್ತದೆ. ಮಗುವಿನ ಅಳು ‘ವಾವಾ’. ಈ ಮೂರರಲ್ಲಿ ನನಗೆ ಬೇಕಾದದ್ದು ಕೊನೆಯದೊಂದೇ.

ನೀನು ಹೊಸದಾಗಿ ಟೀಚರ್ ಆದಾಗ ನನ್ನಿಂದ ಈ ಸದ್ದುಗಳ ಅಕ್ಷರಗಳನ್ನೇ ತಿದ್ದಿಸಿದ್ದು ನೆನಪಿದೆಯಾ? ಸದ್ದಿನ ಅಕ್ಷರದ ಎಡಕ್ಕೆ ಬಾಯಿ ಎಂಬ ಅರ್ಥದ ಪುಟ್ಟ ಚೌಕ ಇರಲೇಬೇಕು. ಮರೆತೆನೆಂದರೆ ಅಂಗೈಗೆ ಏಟು: “ಬಾಯಿಲ್ದೆ ಸದ್ದು ಎಲ್ಲಿಂದ ಬರುತ್ತೇ, ಕತ್ತೆ?” ಆಮೇಲೆ ನಾನು ಒಂದು ಸಲವೂ ಮರೆತಿಲ್ಲ.

ಮಗುವಿಗೆ ಇನ್ನೂ ಹೆಸರಿಟ್ಟಿಲ್ಲ. ಒಂಬತ್ತನೇ ತಾರೀಕು ಅತ್ತೆಯ ತಂಗಿ ಬಂದು ಅವಳನ್ನು ಹಳ್ಳಿಗೆ ಒಯ್ಯುತ್ತಾರೆ, ಮಕ್ಕಳಿಲ್ಲದ ಯಾರದೋ ಮನೆಗೆ. ಸರಕಾರ ಒಂದೇ ಮಗು ಸಾಕು ಎನ್ನುತ್ತದೆ. “ಆ ಒಂದು ಗಂಡಾಗ್ಲಿ ಕಣಮ್ಮ, ನೀನಿನ್ನೂ ಚಿಕ್ಕೋಳು” ಎಂದು ಅತ್ತೆ ನನ್ನ ತಲೆ ನೇವರಿಸಿದರು. ಇವರೂ ಗಣಿಯಿಂದ, “ಅಮ್ಮ ಹೇಳಿದ ಹಾಗೆ ಕೇಳು” ಎಂದು ಬರೆದಿದ್ದಾರೆ. ಹಿರಿಯರು ಯೋಚಿಸಿಯೇ ಮಾಡಿರುತ್ತಾರೆ. ನೀನು ಚಿಂತಿಸಬೇಡ, ಶಾಲೆ ಬಿಟ್ಟು ಬರುವುದೂ ಬೇಡ.

ನಿನ್ನ ತಂಗಿ,
ಲಾನ್‌ಫೆನ್

ಕಡೆಯ ಮಾತು: ಅತ್ತೆ ಈಗಷ್ಟೇ ಇದನ್ನು ಓದಿ ಬಿದ್ದು ಬಿದ್ದು ನಕ್ಕರು. “ಟೀಚರ್ ತಂಗಿಯಂತೆ! ಸದ್ದಿನ ಅಕ್ಷರ ಒಂದಕ್ಕೂ ಚೌಕ ಇಲ್ಲ. ಎಲ್ಲಾ ಕಡೆ ಬಾಯಿ ಬಿಟ್ಟಿದ್ದೀಯಲ್ಲೇ! ಇರ್ಲಿ, ನಿಮ್ಮಕ್ಕನೂ ನಗ್ಲಿ” ಎಂದರು. ಹೌದಕ್ಕಾ, ಬಾಯಿ ಬಿಟ್ಟಿದ್ದೇನೆ. ತಿದ್ದುವ ಕೆಂಪು ಪೆನ್ನು ನಿನ್ನ ಕೈಯಲ್ಲಿದೆ.